ಕ್ಯಾಶುವಾಲಿಟಿಯಲ್ಲಿ ಕೇಳಿದ ಆ ಪ್ರಶ್ನೆ

ಸುರತ್ಕಲ್‌ನ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರ ಉದ್ದವಿತ್ತು. ಮುಖ್ಯ ಭಾಗ ಇಷ್ಟು:

“ನನ್ನ ಅಕ್ಕನ ಮಗನಿಗೆ 23 ವರ್ಷ. ಬೆಂಗಳೂರಿನಲ್ಲಿ ಕೆಲಸ. ಶನಿವಾರ ಊರಿಗೆ ಬಂದವನು ಗೆಳೆಯರ ಜೊತೆ ಹೋಗಿ ತಡರಾತ್ರಿ ಮನೆಗೆ ಬಂದ. ಬೆಳಗಿನ ಜಾವ ನಾಲ್ಕಕ್ಕೆ ಎದೆ ಹಿಡಿದುಕೊಂಡು ಕೂತ. ಮೈಯೆಲ್ಲ ಬೆವರು. ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರ್, ಚಿಕ್ಕ ಪ್ರಾಯದ ಹುಡುಗಿ, ನಮ್ಮೆಲ್ಲರ ಎದುರೇ ‘ರಾತ್ರಿ ಏನು ತಗೊಂಡೆ? ಪೌಡರ್ ಏನಾದ್ರೂ?’ ಅಂತ ಕೇಳಿದರು. ಭಾವನಿಗೆ ಸಿಟ್ಟು ಬಂದು ದೊಡ್ಡ ಮಾತಾಯಿತು. ಹುಡುಗ ಇಲ್ಲ ಅಂದ. ಒಂದು ಗಂಟೆ ಬಿಟ್ಟು ಸಿಸ್ಟರ್ ಒಬ್ಬರೇ ಇದ್ದಾಗ, ಕುಡಿದದ್ದು, ಕೊಕೇನ್ ಎಳೆದದ್ದು ಎಲ್ಲ ಹೇಳಿದನಂತೆ. ಆಮೇಲೆ ನಿದ್ದೆ ಬರುವ ಇಂಜೆಕ್ಷನ್ ಕೊಟ್ಟರು. ಹಾರ್ಟಿನ ತೊಂದರೆಗೆ ನಿದ್ದೆ ಇಂಜೆಕ್ಷನ್ನಾ? ಆಂಜಿಯೋಗ್ರಾಂ ಮಾಡಿದರು, ಬ್ಲಾಕ್ ಇಲ್ಲ. ಆದರೂ ಹಾರ್ಟ್ ಅಟ್ಯಾಕೇ ಅಂದರು. ಬ್ಲಾಕ್ ಇಲ್ಲದೆ ಅದು ಹೇಗೆ? ನೆಂಟರೆಲ್ಲ ಕೊರೊನಾ ಲಸಿಕೆಯಿಂದ ಅನ್ನುತ್ತಾರೆ, ಅಕ್ಕನೂ ಅದನ್ನೇ ಹಿಡಿದುಕೊಂಡಿದ್ದಾಳೆ. ಪೊಲೀಸ್ ಕೇಸ್ ಆಗುತ್ತದಾ? ಹುಡುಗ ಈ ದಸರಾಕ್ಕೂ ಹುಲಿವೇಷ ಹಾಕುತ್ತೇನೆ ಅನ್ನುತ್ತಾನೆ, ಹಾಕಬಹುದಾ? ಅಷ್ಟು ಜನರ ಎದುರು ಹಾಗೆ ಕೇಳಿದ್ದು ಸರಿಯಾ?”

ನಮಸ್ಕಾರ ಅಮ್ಮ,

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಎಲ್ಲರ ಎದುರು ಕೇಳಿದ್ದು ಸರಿಯಲ್ಲ. ಪರದೆ ಎಳೆದು, ನಿಮ್ಮನ್ನೆಲ್ಲ ಎರಡು ನಿಮಿಷ ಹೊರಗೆ ಕಳಿಸಿ ಕೇಳಬಹುದಿತ್ತು. ಅಪ್ಪ ಪಕ್ಕದಲ್ಲೇ ನಿಂತಿರುವಾಗ ಯಾವ ಹುಡುಗ ‘ಹೌದು’ ಅಂತಾನೆ? ಆದರೆ ಪ್ರಶ್ನೆ ಮಾತ್ರ ಕೇಳಲೇಬೇಕಾದದ್ದು. ಆ ಹುಡುಗಿ ಕೇಳದೆ ಬಿಟ್ಟಿದ್ದರೆ ನಾನು ಇವತ್ತು ಬೇರೆಯೇ ಪತ್ರಕ್ಕೆ ಉತ್ತರ ಬರೆಯಬೇಕಾಗುತ್ತಿತ್ತೋ ಏನೋ.

ನನ್ನದೇ ಒಂದು ಕತೆ ಹೇಳುತ್ತೇನೆ. ಉಡುಪಿಯಲ್ಲಿ ಡಿಗ್ರಿ ಓದುತ್ತಿದ್ದ ಕಾಲ. ಪರೀಕ್ಷೆಗೆ ಎರಡು ದಿನ ಇತ್ತು, ಪುಸ್ತಕ ತೆರೆದೇ ಇರಲಿಲ್ಲ. ಗೆಳೆಯನೊಬ್ಬ ಒಂದು ಮಾತ್ರೆ ಕೊಟ್ಟ. “ಇದು ನುಂಗು, ಬೆಳಗಿನ ತನಕ ಕಣ್ಣು ಮುಚ್ಚಲ್ಲ” ಅಂದ. ಕಣ್ಣು ಮುಚ್ಚಲಿಲ್ಲ, ನಿಜ. ಆದರೆ ಮಧ್ಯರಾತ್ರಿ ಹೊತ್ತಿಗೆ ಎದೆಯೊಳಗೆ ಚೆಂಡೆ ಬಾರಿಸಿದ ಹಾಗಾಯಿತು. ಕೈ ನಡುಕ, ಬಾಯಿ ಒಣಗಿ ನಾಲಗೆ ಅಂಟುತ್ತಿತ್ತು. ಬೆಳಿಗ್ಗೆ ಅಪ್ಪ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರ್ ನಾಡಿ ಹಿಡಿದು “ಮಾತ್ರೆ ಏನಾದರೂ ತಗೊಂಡೆಯಾ?” ಅಂದರು. “ಇಲ್ಲ, ಕಾಫಿ ಜಾಸ್ತಿ ಆಯ್ತು” ಅಂದೆ. ಅವರು ಮುಖವನ್ನೇ ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿ, “ಒಂದು ಸೋಡಾ ತನ್ನಿ, ಇವನಿಗೆ ಕುಡಿಸುವ” ಎಂದು ಹೊರಗೆ ಕಳಿಸಿದರು. ಬಾಗಿಲು ಮುಚ್ಚಿದ ಮೇಲೆ ಅದೇ ಪ್ರಶ್ನೆ, ಇನ್ನೊಮ್ಮೆ. ಹೇಳಿಬಿಟ್ಟೆ. ಆ ಸೋಡಾ ನಾನು ಕುಡಿಯಲೇ ಇಲ್ಲ. ಅದು ಅಪ್ಪನನ್ನು ಹೊರಗೆ ಕಳಿಸುವುದಕ್ಕೆ ಎಂದು ತಿಳಿಯಲು ನನಗೆ ವರ್ಷಗಳೇ ಬೇಕಾದವು.

ನಾನು ಡಾಕ್ಟರಲ್ಲ. ಓದಿದ್ದನ್ನು, ಬಲ್ಲವರ ಹತ್ತಿರ ಕೇಳಿ ತಿಳಿದದ್ದನ್ನು ಹೇಳುತ್ತೇನೆ.

ಬ್ಲಾಕ್ ಇಲ್ಲದೆ ಹಾರ್ಟ್ ಅಟ್ಯಾಕ್ ಹೇಗೆ ಅಂದಿರಿ. ಅಡಿಕೆ ತೋಟಕ್ಕೆ ಪೈಪಿನಲ್ಲಿ ನೀರು ಬಿಡುವುದನ್ನು ನೋಡಿದ್ದೀರಲ್ಲ. ಪಂಪ್ ಓಡುತ್ತಿದೆ, ಪೈಪಿನೊಳಗೆ ಕೆಸರಿಲ್ಲ, ಕಸವಿಲ್ಲ. ಆದರೂ ಗಿಡಕ್ಕೆ ನೀರು ಹೋಗುತ್ತಿಲ್ಲ. ನೋಡಿದರೆ ಯಾರೋ ಪೈಪನ್ನು ಮೆಟ್ಟಿ ನಿಂತಿದ್ದಾರೆ. ಕೊಕೇನ್ ಮಾಡುವುದು ಅದನ್ನೇ. ಹೃದಯದ ಮಾಂಸಖಂಡಕ್ಕೆ ರಕ್ತ ಕೊಡುವ ನಾಳಗಳು ಇದ್ದಕ್ಕಿದ್ದಂತೆ ಬಿಗಿದುಕೊಳ್ಳುತ್ತವೆ. ಗಂಟೆಗಳ ಮೇಲೆ ಆಂಜಿಯೋಗ್ರಾಂ ಮಾಡುವಾಗ ಮೆಟ್ಟಿದ್ದ ಕಾಲು ತೆಗೆದಾಗಿರುತ್ತದೆ. ಪೈಪು ಸರಿಯಾಗಿಯೇ ಕಾಣುತ್ತದೆ. ಆದರೆ ಅಷ್ಟರಲ್ಲಿ ಒಣಗಿದ ಗಿಡ ಒಣಗಿತು, ಅಲ್ವಾ? ನೀವು ಕಳಿಸಿದ ಡಿಸ್ಚಾರ್ಜ್ ಪೇಪರಿನ ಫೋಟೋದಲ್ಲಿ ‘ಟ್ರೋಪೋನಿನ್’ ಎಂಬುದು ಏರಿದೆ ಅಂತಿದೆ. ಹೃದಯದ ಮಾಂಸಖಂಡಕ್ಕೆ ಪೆಟ್ಟಾದಾಗ ಅದು ರಕ್ತಕ್ಕೆ ಸೋರುತ್ತದೆ. ಬ್ಲಾಕ್ ಕಾಣದಿದ್ದರೂ ಅಟ್ಯಾಕ್ ಅಂದದ್ದಕ್ಕೆ ಸಾಕ್ಷಿ ಅದು.

ಬಿಗಿಯುವುದು ಒಂದು ಕಡೆಯಾದರೆ, ಅದೇ ಹೊತ್ತಿಗೆ ಪಂಪಿನ ವೇಗವೂ ಏರುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ಎದೆ ಹೊಡೆದುಕೊಳ್ಳುತ್ತದಲ್ಲ, ಅದು ನರದ ತುದಿಯಿಂದ ಹೊರಬರುವ ನಾರ್‌ಅಡ್ರಿನಲಿನ್ ಎಂಬ ರಸದ ಕೆಲಸ. ನಾಯಿ ಹೋದ ಮೇಲೆ ನರವೇ ಆ ರಸವನ್ನು ವಾಪಸ್ ಹೀರಿಕೊಳ್ಳುತ್ತದೆ, ಎದೆ ತಣ್ಣಗಾಗುತ್ತದೆ. ಕೊಕೇನ್ ಈ ಹೀರಿಕೊಳ್ಳುವ ಬಾಗಿಲನ್ನು ಮುಚ್ಚಿಬಿಡುತ್ತದೆ. ನಾಯಿ ಇಲ್ಲ, ಆದರೂ ಹೃದಯ ಓಡುತ್ತಲೇ ಇದೆ. ಬಿಪಿ ಏರುತ್ತದೆ. ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹೃದಯ ತನಗೆ ಬೇಕಾದ ರಕ್ತವನ್ನು ಹೆಚ್ಚಾಗಿ ಪಡೆಯುವುದು ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ಬಡಿತ ಜಾಸ್ತಿಯಾದಷ್ಟೂ ಆ ಬಿಡುವು ಕಡಿಮೆ. ಅಂದರೆ ಊಟ ಜಾಸ್ತಿ ಬೇಕಾದ ಹೊತ್ತಿನಲ್ಲೇ ಊಟದ ಹೊತ್ತು ಕಡಿತವಾಯಿತು. ಸಾಲದ್ದಕ್ಕೆ ರಕ್ತ ಹೆಪ್ಪುಗಟ್ಟುವ ಗುಣವೂ ಹೆಚ್ಚುತ್ತದೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ತಗೊಂಡವರಲ್ಲಿ ನಾಳದೊಳಗೆ ಕೊಬ್ಬು ಕಟ್ಟುವುದೂ ಬೇಗ. ಅವರ ಆಂಜಿಯೋಗ್ರಾಂನಲ್ಲಿ ನಿಜವಾದ ಬ್ಲಾಕೇ ಕಾಣಬಹುದು.

1999ರಲ್ಲಿ ‘ಸರ್ಕ್ಯುಲೇಶನ್’ ಎಂಬ ವೈದ್ಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಅಮೆರಿಕದಲ್ಲಿ ಹೃದಯಾಘಾತವಾಗಿ ಬದುಕಿದ ಸುಮಾರು 4 ಸಾವಿರ ಜನರನ್ನು ಕೇಳಿ ಮಾಡಿದ್ದು. ಕೊಕೇನ್ ತಗೊಂಡ ಮೊದಲ ಒಂದು ಗಂಟೆಯಲ್ಲಿ ಹೃದಯಾಘಾತದ ಅಪಾಯ ಸುಮಾರು 24 ಪಟ್ಟು ಏರುತ್ತದೆ ಎಂದು ಅದರಲ್ಲಿ ಕಂಡಿತು. ಆಮೇಲೆ ಬೇಗ ಇಳಿಯುತ್ತದೆ. ಹಾಗಂತ ಗಂಟೆ ಕಳೆದ ಮೇಲೆ ಏನೂ ಆಗುವುದಿಲ್ಲ ಅಂತಲ್ಲ. ನಿಮ್ಮ ಹುಡುಗನಿಗೆ ನೋವು ಬಂದದ್ದು ಮನೆಗೆ ಬಂದು ಮಲಗಿದ ಮೇಲೆ. ಅದಕ್ಕೆ ಒಂದು ಕಾರಣ ಹೆಂಡವೂ ಇರಬಹುದು. ಕೊಕೇನ್ ಮತ್ತು ಆಲ್ಕೋಹಾಲ್ ಎರಡೂ ಮೈಯೊಳಗೆ ಸೇರಿದರೆ ಲಿವರ್ ಅವೆರಡನ್ನೂ ಸೇರಿಸಿ ಕೊಕಾಎಥಿಲಿನ್ ಎಂಬ ಮೂರನೆಯದನ್ನು ತಯಾರು ಮಾಡುತ್ತದೆ. ಅದು ಕೊಕೇನ್‌ಗಿಂತ ಹೆಚ್ಚು ಹೊತ್ತು ಮೈಯಲ್ಲಿ ಉಳಿಯುತ್ತದೆ, ಹೃದಯಕ್ಕೆ ಪೆಟ್ಟೂ ಕೊಡುತ್ತದೆ. ಜೊತೆಗೆ ಸಿಗರೇಟ್ ಸೇರಿದರೆ ನಾಳ ಇನ್ನಷ್ಟು ಬಿಗಿಯುತ್ತದೆ. ಪಾರ್ಟಿಯಲ್ಲಿ ಈ ಮೂರೂ ಒಟ್ಟಿಗೇ ಇರುತ್ತವೆ ಅನ್ನುವುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ.

ಒಂದು ವಿಚಿತ್ರ ಸಂಗತಿ. ಇದೇ ಕೊಕೇನ್ ಒಂದು ಕಾಲದಲ್ಲಿ ಕಣ್ಣಿನ ಡಾಕ್ಟರುಗಳಿಗೆ ವರವಾಗಿತ್ತು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಎಂಬ ವೈದ್ಯ ಕೊಕೇನ್ ಹನಿ ಹಾಕಿದರೆ ಕಣ್ಣು ಮರಗಟ್ಟುತ್ತದೆ, ನೋವಿಲ್ಲದೆ ಆಪರೇಷನ್ ಮಾಡಬಹುದು ಎಂದು ತೋರಿಸಿದ. ನರದಲ್ಲಿ ಹರಿಯುವ ಕರೆಂಟನ್ನು ಅದು ತಡೆಯುವುದರಿಂದ ಮರಗಟ್ಟುವುದು. ಸರಿ, ಹೃದಯ ಬಡಿಯುವುದೂ ಕರೆಂಟಿನಿಂದಲೇ ಅಲ್ವಾ? ಅಲ್ಲಿಯ ವಯರಿಂಗನ್ನು ಮರಗಟ್ಟಿಸಿದರೆ ಬಡಿತ ತಾಳ ತಪ್ಪುತ್ತದೆ. ಕೆಲವರು ಆಸ್ಪತ್ರೆ ಮುಟ್ಟುವ ಮೊದಲೇ ಹೋಗುವುದು ಹೀಗೆ. ನೋವು, ಬೆವರು ಯಾವುದಕ್ಕೂ ಸಮಯವೇ ಇರುವುದಿಲ್ಲ.

ಈಗ ನಿದ್ದೆ ಇಂಜೆಕ್ಷನ್. ಇದರಲ್ಲೇ ನಿಮ್ಮ ಸಿಟ್ಟಿಗೆಲ್ಲ ಉತ್ತರ ಇದೆ. ಸಾಮಾನ್ಯ ಹಾರ್ಟ್ ಅಟ್ಯಾಕಿಗೆ ಕೊಡುವ ಔಷಧಗಳಲ್ಲಿ ‘ಬೀಟಾ ಬ್ಲಾಕರ್’ ಎಂಬುದೊಂದು ಜಾತಿ ಇದೆ. ಹೃದಯದ ವೇಗ ಇಳಿಸುತ್ತದೆ, ಒಳ್ಳೆಯ ಔಷಧವೇ. ಆದರೆ ಕೊಕೇನ್ ಮೈಯಲ್ಲಿ ಇರುವಾಗ ಅದು ತಿರುಗಿ ಹೊಡೆಯಬಹುದು. ಆಗ ಹೇಳಿದ ನಾರ್‌ಅಡ್ರಿನಲಿನ್ ರಸಕ್ಕೆ ಮೈಯಲ್ಲಿ ಎರಡು ಸ್ವಿಚ್ ಇವೆ ಅಂದುಕೊಳ್ಳಿ. ಒಂದು ಹೃದಯ ಓಡಿಸುವುದು, ಇನ್ನೊಂದು ನಾಳ ಬಿಗಿಯುವುದು. ಬೀಟಾ ಬ್ಲಾಕರ್ ಮೊದಲನೆಯದನ್ನು ಆಫ್ ಮಾಡುತ್ತದೆ. ಎರಡನೆಯದು ಆನ್ ಆಗಿಯೇ ಉಳಿದು ನಾಳ ಇನ್ನೂ ಬಿಗಿಯಬಹುದು. ಎಷ್ಟು ಅಪಾಯ ಎಂಬುದರ ಬಗ್ಗೆ ವೈದ್ಯರಲ್ಲೇ ಚರ್ಚೆ ಇದೆ. ಆದರೂ ನಶೆ ಇಳಿಯದ ಮೊದಲ ಗಂಟೆಗಳಲ್ಲಿ ಅದನ್ನು ಕೈಬಿಡುವುದು ರೂಢಿ. ಅದರ ಬದಲು ಕೊಡುವುದು ಡಯಾಜೆಪಾಮ್, ಲೊರಾಜೆಪಾಮ್ ಥರದ ನಿದ್ದೆ ಬರಿಸುವ ಔಷಧ. ಅದು ಮೆದುಳಿನಿಂದ ಬರುವ ಆ ಅಬ್ಬರವನ್ನೇ ತಗ್ಗಿಸುತ್ತದೆ. ಎದೆಬಡಿತ, ಬಿಪಿ ಎರಡೂ ತಾನಾಗಿ ಇಳಿಯುತ್ತವೆ. ಜೊತೆಗೆ ಆಸ್ಪಿರಿನ್, ನಾಳ ಸಡಿಲಿಸುವ ನೈಟ್ರೋಗ್ಲಿಸರಿನ್.

ಹಾಗಾಗಿ ಆ ಇಂಜೆಕ್ಷನ್ ಕೊಟ್ಟದ್ದು ಹಾರ್ಟಿಗೇ ಅಮ್ಮ. ಮತ್ತು ಅದನ್ನು ಕೊಡಲು ಸಾಧ್ಯವಾದದ್ದು ಹುಡುಗ ಸಿಸ್ಟರ ಹತ್ತಿರ ಬಾಯಿ ಬಿಟ್ಟದ್ದರಿಂದ. ‘ಇಲ್ಲ’ ಎಂದು ಕೂತ ಆ ಒಂದು ಗಂಟೆ ಸುಮ್ನೆ ಹೋಯಿತು.

ಇನ್ನೊಂದು ವಿಷಯ ನಮ್ಮ ಊರುಗಳಿಗೆ ಮುಖ್ಯ. ಸರಕಾರದ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೂ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಮಂಗಳೂರಿನ ಡಾ. ಪದ್ಮನಾಭ ಕಾಮತ್ ಅವರ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಮೂಲಕ ಹಳ್ಳಿಯ ಎಷ್ಟೋ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಬಂದಿದೆ. ಜೀವ ಉಳಿಸುವ ಕೆಲಸ. ಆದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ರಕ್ತಸ್ರಾವದ ಅಪಾಯವನ್ನೂ ತರುತ್ತದೆ. ಕೊಕೇನ್‌ನಿಂದ ಬಿಪಿ ವಿಪರೀತ ಏರಿದವನಿಗೆ, ಅಥವಾ ಅದರಿಂದ ದೊಡ್ಡ ರಕ್ತನಾಳದ ಗೋಡೆಯೇ ಸೀಳಿದ್ದರೆ, ಇದೇ ಇಂಜೆಕ್ಷನ್ ಜೀವ ತೆಗೆಯಬಹುದು. ನಾಳದಲ್ಲಿ ಹೆಪ್ಪು ಕಟ್ಟಿದರೂ, ಗೋಡೆ ಸೀಳಿದರೂ ಎದೆನೋವು ಮೇಲ್ನೋಟಕ್ಕೆ ಒಂದೇ. ರಾತ್ರಿ ಎರಡು ಗಂಟೆಗೆ ತಾಲೂಕು ಆಸ್ಪತ್ರೆಯಲ್ಲಿ ಒಬ್ಬರೇ ಇರುವ ಡಾಕ್ಟರಿಗೆ ಇದನ್ನು ಯಾರು ಹೇಳಬೇಕು? ಮಲಗಿರುವ ಹುಡುಗ, ಇಲ್ಲವೇ ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ ಗೆಳೆಯ. ಗೆಳೆಯರು ಹೆಚ್ಚಾಗಿ ಗೇಟಿನ ಹತ್ತಿರ ಇಳಿಸಿ ಮಾಯವಾಗುತ್ತಾರೆ. ಅವರನ್ನು ಬೈಯುವುದಕ್ಕೆ ಹೇಳುತ್ತಿಲ್ಲ. ಹೋಗುವ ಮೊದಲು ಏನು ತಗೊಂಡ, ಎಷ್ಟು ಹೊತ್ತಾಯಿತು ಎಂದು ಸಿಸ್ಟರ ಕಿವಿಯಲ್ಲಿ ಹೇಳಿ ಹೋಗಿ ಮಾರಾಯ್ರೆ, ಅಷ್ಟು ಸಾಕು.

ಲಸಿಕೆಯ ಮಾತು. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಜನ ಹೆದರಿ ಜಯದೇವ ಆಸ್ಪತ್ರೆಯ ಎದುರು ಸಾಲುಗಟ್ಟಿ ನಿಂತದ್ದು ನೆನಪಿರಬಹುದು. ಸರಕಾರ ನೇಮಿಸಿದ ತಜ್ಞರ ಸಮಿತಿ ಲಸಿಕೆಗೂ ಹೃದಯಾಘಾತಕ್ಕೂ ಸಂಬಂಧ ಕಂಡಿಲ್ಲ ಎಂದೇ ಹೇಳಿತು. ಹಾಗಂತ ಹರೆಯದಲ್ಲಿ ಎದೆ ಹಿಡಿದುಕೊಂಡವರೆಲ್ಲ ಪೌಡರ್ ತಗೊಂಡವರು ಅನ್ನುವುದೂ ಪಾಪವೇ. ಸಿಗರೇಟು, ಶುಗರ್, ಮನೆತನದಲ್ಲೇ ಬರುವ ಕೊಲೆಸ್ಟ್ರಾಲ್, ಹುಟ್ಟಿನಿಂದ ದಪ್ಪಗಿರುವ ಹೃದಯದ ಗೋಡೆ, ಕಾರಣ ಎಷ್ಟೋ ಇವೆ. ಸತ್ತವರ ಮನೆಯಲ್ಲಿ ಕೂತು ಅನುಮಾನ ಆಡಬೇಡಿ. ಆದರೆ ನಿಮ್ಮ ಮನೆಯಲ್ಲಿ ಹುಡುಗನೇ ಒಪ್ಪಿಕೊಂಡಿದ್ದಾನೆ. ನಿಮ್ಮ ಅಕ್ಕ ಲಸಿಕೆಯನ್ನು ಹಿಡಿದುಕೊಂಡಿರುವುದು ಏಕೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಲಸಿಕೆಯಾದರೆ ಮಗನ ತಪ್ಪಿಲ್ಲ. ಅವರನ್ನು ವಾದದಲ್ಲಿ ಸೋಲಿಸಲು ಹೋಗಬೇಡಿ. ಮುಂದಿನ ವಾರ ಅವನು ಯಾರ ಜೊತೆ ಹೋಗುತ್ತಾನೆ ಎಂದು ನೋಡುವವರು ಮನೆಯಲ್ಲಿ ಒಬ್ಬರಾದರೂ ಇರಲಿ, ಅದು ನೀವೇ ಆಗಿ.

ಪತ್ರಿಕೆಯವನಾಗಿ ನನ್ನದೂ ಒಂದು ತಪ್ಪೊಪ್ಪಿಗೆ. 2025ರ ಮಾರ್ಚ್‌ನಲ್ಲಿ ಮಂಗಳೂರು ಸಿಸಿಬಿ ಪೊಲೀಸರು ಬೆಂಗಳೂರಿನಲ್ಲಿ 37 ಕಿಲೋಗೂ ಜಾಸ್ತಿ ಎಂಡಿಎಂಎ ಎಂಬ ಮಾದಕ ಪುಡಿ ಹಿಡಿದರು. ಬೆಲೆ ಸುಮಾರು 75 ಕೋಟಿ ರೂಪಾಯಿ. ಎಲ್ಲ ಪತ್ರಿಕೆಗಳೂ ಕಿಲೋ ಮತ್ತು ಕೋಟಿ ಬರೆದವು. ನಾವೂ ಬರೆದೆವು. ಆ ಪುಡಿ ಒಳಗೆ ಹೋದರೆ ಹೃದಯಕ್ಕೆ ಏನಾಗುತ್ತದೆ ಎಂದು ಒಂದು ಸಾಲು ಬರೆಯಲಿಲ್ಲ. ಕರಾವಳಿಯಲ್ಲಿ ಕೊಕೇನ್‌ಗಿಂತ ಹೆಚ್ಚು ಕೇಳಿಬರುವುದು ಈ ಎಂಡಿಎಂಎ ಹೆಸರೇ. ಅದೂ ಹೃದಯವನ್ನು ಓಡಿಸುತ್ತದೆ, ಬಿಪಿ ಏರಿಸುತ್ತದೆ. ಅದರ ಮುಖ್ಯ ಅಪಾಯ ಮೈ ಬಿಸಿ. ಮುಚ್ಚಿದ ಹಾಲಿನಲ್ಲಿ, ನಮ್ಮ ಏಪ್ರಿಲ್ ಸೆಕೆಯಲ್ಲಿ ಗಂಟೆಗಟ್ಟಲೆ ಕುಣಿದರೆ ಮೈ ಉಷ್ಣತೆ 40 ಡಿಗ್ರಿ ದಾಟಬಹುದು. ಹೆದರಿ ಬರೀ ನೀರು ಲೀಟರುಗಟ್ಟಲೆ ಕುಡಿದರೆ ರಕ್ತದ ಉಪ್ಪಿನಂಶ ಕುಸಿದು ಫಿಟ್ಸ್ ಬರುತ್ತದೆ. ಎರಡೂ ಕಡೆ ಬಾವಿ.

ಮೆಥ್ ಎನ್ನುವ ಇನ್ನೊಂದು ಮಾದಕದ ದಾರಿ ಬೇರೆ, ಅದು ನಿಧಾನ. ಹೃದಯದ ಗೋಡೆ ಹಿಗ್ಗಿ ಹಳೆಯ ರಬ್ಬರಿನ ಹಾಗೆ ಸಡಿಲವಾಗುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಕಾಲು ಊತ, ಮಲಗಿದರೆ ಕೆಮ್ಮು. 28 ವರ್ಷದವನಿಗೆ ಇದು ಬಂದರೆ ಮನೆಯವರು ಅಸ್ತಮಾ ಅಂತಾರೆ, ಗ್ಯಾಸ್ ಅಂತಾರೆ. ಸಮಾಧಾನ ಏನೆಂದರೆ ಬೇಗ ಬಿಟ್ಟವರಲ್ಲಿ ಎಷ್ಟೋ ಜನರ ಹೃದಯ ಮತ್ತೆ ಬಲ ಪಡೆಯುತ್ತದೆ. ತಡವಾದರೆ ಗಾಯದ ಕಲೆ ಉಳಿಯುತ್ತದೆ, ಮರಳುವುದಿಲ್ಲ. ಜಿಮ್‌ಗೆ ಹೋಗುವ ಹುಡುಗರಿಗೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆಪರೇಷನ್ ಟೇಬಲ್ ಮೇಲೆ ಕುಸಿದ ಬಿಪಿ ಏರಿಸಲು ಕೊಡುವ ಮೆಫೆಂಟರ್ಮಿನ್ ಇಂಜೆಕ್ಷನ್ ‘ಸ್ಟ್ಯಾಮಿನಾ’ ಹೆಸರಿನಲ್ಲಿ ಕೆಲವು ಕಡೆ ಓಡಾಡುತ್ತದೆ. ಬಿಪಿ ಸರಿ ಇರುವವನಿಗೆ ಅದನ್ನು ಚುಚ್ಚಿದರೆ ಏನಾದೀತು, ಯೋಚನೆ ಮಾಡಿ.

ಪೊಲೀಸ್ ಕೇಸಿನ ಬಗ್ಗೆ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಸೇವನೆಯೂ ಅಪರಾಧವೇ. 27ನೇ ಕಲಮಿನ ಪ್ರಕಾರ ಕೊಕೇನ್‌ಗೆ 1 ವರ್ಷದ ತನಕ ಜೈಲು, ಇಲ್ಲವೇ 20 ಸಾವಿರ ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಆದರೆ ಅದೇ ಕಾಯ್ದೆಯಲ್ಲಿ 64ಎ ಎಂಬ ಕಲಮೂ ಇದೆ. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಇರುವ ವ್ಯಸನಿ ತಾನಾಗಿಯೇ ಮಾನ್ಯತೆ ಇರುವ ಕೇಂದ್ರದಲ್ಲಿ ಚಿಕಿತ್ಸೆಗೆ ಬಂದರೆ ವಿಚಾರಣೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಇದು ನಿಮ್ಮ ಹುಡುಗನಿಗೆ ಎಷ್ಟು ಅನ್ವಯ ಎಂದು ಒಬ್ಬ ವಕೀಲರನ್ನು ಕೇಳಿಕೊಳ್ಳಿ. ಮತ್ತೆ, ‘ಗೆಳೆಯನಿಗೆ ಸ್ವಲ್ಪ ತಂದುಕೊಟ್ಟೆ ಅಷ್ಟೇ’ ಅನ್ನುವುದು ಸೇವನೆಯ ಲೆಕ್ಕಕ್ಕೆ ಬರುವುದಿಲ್ಲ. ಎಂಡಿಎಂಎ 10 ಗ್ರಾಂ ದಾಟಿದರೆ ಅದು ವಾಣಿಜ್ಯ ಪ್ರಮಾಣ, ಕನಿಷ್ಠ 10 ವರ್ಷ ಜೈಲು. ಇದನ್ನು ಹುಡುಗನ ಕಿವಿಗೆ ಹಾಕಿ.

ಚಿಕಿತ್ಸೆಗೆ ದೂರ ಹೋಗಬೇಕಾಗಿಲ್ಲ. ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಉಡುಪಿಯ ದೊಡ್ಡಣಗುಡ್ಡೆಯಲ್ಲಿ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಇದೆ. ಫೋನಿನಲ್ಲೇ ಕೇಳುವುದಾದರೆ 14446, ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ, ದುಡ್ಡು ಇಲ್ಲ. ಕೊಕೇನ್ ಚಟ ಬಿಡಿಸಲಿಕ್ಕೇ ಅಂತ ಒಂದು ಮಾತ್ರೆ ಇನ್ನೂ ಬಂದಿಲ್ಲ. ಕೌನ್ಸೆಲಿಂಗ್, ಹೊಸ ದಿನಚರಿ, ಹಳೆಯ ಗೆಳೆಯರಿಂದ ದೂರ, ಮುಖ್ಯವಾಗಿ ಇವೇ ಔಷಧ.

ಕೊನೆಗೆ ಹುಲಿವೇಷ. ಅವನ ಆಸೆ ನನಗೆ ಅರ್ಥವಾಗುತ್ತದೆ. ತಾಸೆಯ ಪೆಟ್ಟು ಕೇಳಿದರೆ ಈ ಪ್ರಾಯದಲ್ಲೂ ನನ್ನ ಕಾಲು ಸುಮ್ಮನಿರುವುದಿಲ್ಲ. ಆದರೆ ಆ ವೇಷದ ಕೆಲಸ ನೋಡಿ. ಮೈತುಂಬ ಬಣ್ಣ, ಬೆವರು ಹೋಗಲು ದಾರಿಯಿಲ್ಲ. ಬಿಸಿಲಿನಲ್ಲಿ ಮನೆ ಮನೆ, ಬೀದಿ ಬೀದಿ ಕುಣಿತ. ಹಲ್ಲಿನಲ್ಲಿ ಅಕ್ಕಿ ಮುಡಿ ಎತ್ತಿ ಹಿಂದಕ್ಕೆ ಎಸೆಯುವುದು ಬೇರೆ. 1967ರ ಜುಲೈ 13ರಂದು ಫ್ರಾನ್ಸಿನ ದೊಡ್ಡ ಸೈಕಲ್ ರೇಸಿನಲ್ಲಿ ಟಾಮ್ ಸಿಂಪ್ಸನ್ ಎಂಬ ಇಂಗ್ಲಿಷ್ ಸವಾರ ಬೆಟ್ಟ ಹತ್ತುವಾಗ ಬಿದ್ದು ಸತ್ತ. 29 ವರ್ಷ. ವಿಪರೀತ ಬಿಸಿಲು, ರಕ್ತದಲ್ಲಿ ಆಂಫೆಟಮಿನ್ ಎಂಬ ಉತ್ತೇಜಕ, ಜೊತೆಗೆ ಆಲ್ಕೋಹಾಲ್. ಸಾಕಾಯಿತು, ನಿಲ್ಲು ಎಂದು ಮೈ ಹೇಳುವ ಮಾತು ಈ ಪದಾರ್ಥಗಳು ಒಳಗಿದ್ದಾಗ ಕೇಳಿಸುವುದೇ ಇಲ್ಲ. ನಮ್ಮ ಹುಲಿವೇಷದವರು ಹಾಗೆ ಮಾಡುತ್ತಾರೆ ಅಂತ ಖಂಡಿತ ಹೇಳುತ್ತಿಲ್ಲ. ವ್ರತ ಹಿಡಿದು, ದೇವರಿಗೆ ಹರಕೆ ಹೇಳಿ ವೇಷ ಹಾಕುವವರು ಅವರು. ನಾನು ಹೇಳುತ್ತಿರುವುದು ಒಂದೇ ಹುಡುಗನ ಬಗ್ಗೆ.

ಅವನ ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿಂಗ್‌ನಲ್ಲಿ, ಪಂಪಿಂಗ್ ಶೇಕಡಾ 45 ಅಂತಿದೆ. ಸಾಮಾನ್ಯವಾಗಿ 55ರ ಮೇಲೆ ಇರಬೇಕು. ತೀರಾ ಕೆಟ್ಟದ್ದಲ್ಲ, ಮತ್ತೆ ಪೌಡರ್ ಮುಟ್ಟದೆ ಇದ್ದರೆ ಸರಿಯಾಗುವ ಸಾಧ್ಯತೆ ಚೆನ್ನಾಗಿದೆ. ಆದರೆ ತಿಂಗಳುಗಳು ಬೇಕು. ಮತ್ತೆ ಎಕೋ ಮಾಡಿ, ಬೇಕಾದರೆ ಟ್ರೆಡ್‌ಮಿಲ್ ಟೆಸ್ಟ್ ಮಾಡಿ ಹೃದಯದ ಡಾಕ್ಟರೇ ಹೂಂ ಅನ್ನಬೇಕು. ಈ ವರ್ಷ ಬೇಡ ಅನ್ನುವುದು ನನ್ನ ಅನಿಸಿಕೆ. ತಂಡದ ಜೊತೆ ಇರಲಿ, ಬಣ್ಣ ಅರೆಯಲಿ, ಹಚ್ಚುವವರಿಗೆ ಕೈ ಕೊಡಲಿ.

ಮುಂದಿನ ಎಕೋ ಯಾವತ್ತು ಅಂತ ನೀವು ಬರೆದಿಲ್ಲ. ಆ ದಿನ ಡಾಕ್ಟರ ಕೋಣೆಗೆ ಹುಡುಗ ಒಬ್ಬನೇ ಹೋಗಲಿ. ನೀವೂ ಭಾವನವರೂ ಹೊರಗೆ ಎಲ್ಲಾದರೂ ಹೋಗಿ ಒಂದು ಸೋಡಾ ಕುಡಿದು ಬನ್ನಿ.

— ಸಂಪಾದಕ